ಅಕ್ಕನ ಬೆಲ್ಲೂ ಲುಕ್ಕಾ ಕೋಟೆಯೂ

ನಮ್ಮ ಅಕ್ಕ ಇಟಲಿಗೆ ಹೋಗಿ ಬಂದಿದ್ದಾಳೆ. ಆದರೆ ಇಟಲಿಯನ್ನು ನೋಡಿಲ್ಲ! ಇಟಲಿಯೇ ಅವಳನ್ನು ನೋಡಿತು, ಬಿಟ್ಟ ಬಾಯಿ ಬಿಟ್ಟಂತೆ ನೋಡಿತು. ಜೊತೆಗಿದ್ದ ತಪ್ಪಿಗೆ ನನ್ನನ್ನೂ ನೋಡಿತು. ನಾನು ಹೊಟ್ಟೆಯುರಿಯಿಂದ ಹೀಗೆ ಹೇಳುತ್ತಿದ್ದೇನೆ ಎಂದು ನಮ್ಮ ನೆಂಟರೆಲ್ಲ ಅಂದುಕೊಂಡಿದ್ದಾರೆ. ಹೌದು ಸ್ವಾಮಿ, ಹೊಟ್ಟೆಯುರಿಯಿಂದಲೇ ಹೇಳುತ್ತಿದ್ದೇನೆ. ಒಂದು ಇಡೀ ಮಧ್ಯಾಹ್ನ ನನ್ನನ್ನು ಗಾಣದೆತ್ತಿನ ಹಾಗೆ ಸುತ್ತಿಸಿದವಳ ಮೇಲೆ ಉರಿಯದಿದ್ದರೆ ಅದೂ ಒಂದು ಹೊಟ್ಟೆಯೇ?

ಅಕ್ಕನಿಗೆ ಅರವತ್ತೆಂಟು. ನನಗಿಂತ ಐದು ವರ್ಷಕ್ಕೆ ದೊಡ್ಡವಳು. ರಾಜಾಜಿನಗರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದವಳು. ಬಸವೇಶ್ವರನಗರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಅವಳ ಮನೆ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಸೈಕಲ್ ಹತ್ತಿದಳೆಂದರೆ ವಿಜಯನಗರದ ಮಾರುಕಟ್ಟೆ ಬರುವ ತನಕ ಇಳಿಯುವುದಿಲ್ಲ. ನಡುವೆ ಸಿಗ್ನಲ್ ಇದೆಯಲ್ಲ ಎಂದು ಕೇಳಬೇಡಿ. ಕೆಂಪು ದೀಪ ಇರುವುದು ಪೆಟ್ರೋಲ್ ಕುಡಿಯುವ ಗಾಡಿಗಳಿಗೆ ಮಾತ್ರ ಎಂಬುದು ಅವಳ ಸಿದ್ಧಾಂತ. ಇದನ್ನು ಅವಳು ಒಬ್ಬ ಟ್ರಾಫಿಕ್ ಪೊಲೀಸಿನವನಿಗೂ ಹೇಳಿ ಒಪ್ಪಿಸಿದ್ದಾಳೆ. ಪಾಪ, ಅವನ ಹೆಂಡತಿ ಇವಳ ಹಳೆಯ ವಿದ್ಯಾರ್ಥಿನಿಯಂತೆ.

ಸೈಕಲ್ಲಿಗಿಂತ ದೊಡ್ಡ ಸಮಸ್ಯೆ ಅದರ ಬೆಲ್ಲು. ಅಂಗೈಯಗಲದ ಹಿತ್ತಾಳೆಯ ಬೆಲ್ಲು. ದಾರಿಯಲ್ಲಿ ಯಾರಿದ್ದರೂ ಹೊಡೆಯುತ್ತಾಳೆ, ಯಾರೂ ಇಲ್ಲದಿದ್ದರೂ ಹೊಡೆಯುತ್ತಾಳೆ. ಒಮ್ಮೆ ನಮ್ಮ ರಸ್ತೆಯ ತುದಿಯಲ್ಲಿ ಆಟೋದವನೊಬ್ಬ ತಡೆಯಲಾರದೆ ಕೇಳಿಯೇ ಬಿಟ್ಟ.

"ಯಾಕಮ್ಮಾ ಸುಮ್ಸುಮ್ನೆ ಬೆಲ್ ಹೊಡೀತೀರಾ? ರೋಡ್ ಖಾಲಿ ಇದ್ಯಲ್ಲ!"

"ಖಾಲಿ ಇದೆ ಅಂತಾನೇ ಹೊಡೀತಿರೋದಪ್ಪಾ. ತುಂಬಿದ್ರೆ ಯಾರಿಗೆ ಕೇಳ್ಸುತ್ತೆ?"

ಇಂಥವಳ ತಮ್ಮ ನಾನು. ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಪಾಠ ಹೇಳಿದವನು. ಗಾರೆ, ಇಟ್ಟಿಗೆ, ತೊಲೆಗಳಲ್ಲಿ ನಂಬಿಕೆ ಇಟ್ಟವನು. ದೇವಸ್ಥಾನಕ್ಕೆ ಹೋದರೆ ಕಟ್ಟಡ ನೋಡಿ ಬರುತ್ತೇನೆಯೇ ಹೊರತು ಕೈಮುಗಿಯುವುದಿಲ್ಲ. ಕಾಲೇಜಿನ ಕಾಲದಿಂದ ಒಂದು ಪ್ರದಕ್ಷಿಣೆ ಬಂದಿಲ್ಲ, ಒಂದು ಚಮಚ ತೀರ್ಥ ಕುಡಿದಿಲ್ಲ. ಇಷ್ಟು ವರ್ಷ ಹಟ ಹಿಡಿದು ಉಳಿಸಿಕೊಂಡದ್ದು ಇದೊಂದೇ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ.

ಕಳೆದ ವರ್ಷ ನನ್ನ ಎದೆಯ ರಕ್ತನಾಳವೊಂದು ಕಟ್ಟಿಕೊಂಡಿತು. ಡಾಕ್ಟರು ಸ್ಟೆಂಟ್ ಕೂರಿಸಿದರು. ಕೆಲವು ತಿಂಗಳಾದ ಮೇಲೆ, "ಎಲ್ಲಾ ಚೆನ್ನಾಗಿದೆ ಸಾರ್. ಓಡಾಡಿ, ಮೆಟ್ಲು ಹತ್ತಿ, ಸೈಕಲ್ ಬೇಕಾದ್ರೂ ಹೊಡೀರಿ" ಎಂದು ಅವರೇ ಬಾಯಿಬಿಟ್ಟು ಹೇಳಿದರು. ಮನೆಯವರು ಕೇಳಬೇಕಲ್ಲ! ನಾನು ಪೇಪರ್ ಎತ್ತಿಕೊಳ್ಳಲು ಬಗ್ಗಿದರೆ ಹೆಂಡತಿ ಒಗ್ಗರಣೆ ಬಿಟ್ಟು ಓಡಿ ಬರುತ್ತಾಳೆ. ಮಾರೇನಹಳ್ಳಿಯ ನನ್ನ ಷಡ್ಡಕ ಫೋನ್ ಮಾಡಿ, ಸತ್ತವರ ಮನೆಗೆ ಬಂದವರ ದನಿಯಲ್ಲಿ "ಹೇಗಿದೀರಿ?" ಎನ್ನುತ್ತಾರೆ. ಅವರ ಪ್ರಕಾರ ನಾನು ಇನ್ನು ಮೇಲೆ ಸೋಫಾದ ಮೇಲೆ ಕೂತು ರಾಗಿ ಗಂಜಿ ಕುಡಿಯಬೇಕಾದ ಪ್ರಾಣಿ. ನಾನಿನ್ನೂ ಗಟ್ಟಿಯಾಗಿದ್ದೇನೆ ಎಂದು ಇವರೆಲ್ಲರ ಮುಖಕ್ಕೆ ಹೊಡೆದ ಹಾಗೆ ತೋರಿಸಬೇಕು ಎಂಬ ರೋಷ ನನ್ನೊಳಗೆ ಕುದಿಯುತ್ತಿತ್ತು.

ಇವರ ಜೊತೆಗೆ ಅಕ್ಕನ ಕಾಟ ಬೇರೆ. ಪ್ರತಿ ಭಾನುವಾರ ಹಾಜರು!

"ಕೆಂಗೇರಿ ಆಚೆ ಗುಡ್ಡದ ಮೇಲೊಂದು ದೇವಸ್ಥಾನ ಇದೆ ಬಾರೋ. ಸುಮ್ನೆ ಸುತ್ತು ಹಾಕ್ಕೊಂಡು ಬರೋಣ."

"ಕಟ್ಟಡ ಹಳೇದಾ?"

"ಇಲ್ಲ, ಹೋದ ವರ್ಷ ಟೈಲ್ಸ್ ಹಾಕ್ಸಿದಾರೆ."

"ಹಂಗಾದ್ರೆ ನಾನು ಬರಲ್ಲ."

ಹೀಗೆ ಎಷ್ಟೋ ಭಾನುವಾರಗಳು ಕಳೆದವು. ಒಂದು ಭಾನುವಾರ ಅವಳು ದೇವಸ್ಥಾನದ ಮಾತೇ ಎತ್ತಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಅಕ್ಕನ ಎದುರು ಗೆದ್ದೆ ಅಂದುಕೊಳ್ಳುವುದಕ್ಕಿಂತ ದೊಡ್ಡ ದಡ್ಡತನ ಈ ಭೂಮಿಯ ಮೇಲಿಲ್ಲ! ಮುಂದಿನ ವಾರ ಮೊಬೈಲ್ ಹಿಡಿದುಕೊಂಡು ಬಂದಳು. "ಲೋ, ಇಲ್ನೋಡೋ. ಇಟಲಿಯಂತೆ. ಲುಕ್ಕಾ ಅಂತ ಊರಂತೆ. ಊರ ಸುತ್ತ ಕೋಟೆ, ಕೋಟೆ ಗೋಡೆ ಮೇಲೇ ರಸ್ತೆ, ರಸ್ತೆ ತುಂಬಾ ಸೈಕಲ್ಲು! ಹೋಗೋಣ್ವಾ?"

ಬೈದು ಕಳಿಸೋಣ ಎಂದು ಬಾಯಿ ತೆರೆದವನು ಮೊಬೈಲಿನಲ್ಲಿ ಓಡುತ್ತಿದ್ದ ವೀಡಿಯೊದಲ್ಲಿ ಒಂದು ಗೋಪುರ ಕಂಡು ಬಾಯಿ ಮುಚ್ಚಿದೆ. ನೂರಾರು ವರ್ಷ ಹಳೆಯ ಇಟ್ಟಿಗೆಯ ಗೋಪುರ. ಅದರ ನೆತ್ತಿಯ ಮೇಲೆ ಮರಗಳು! ಕುಂಡದ ಗಿಡಗಳಲ್ಲ, ನೆರಳು ಕೊಡುವ ಮರಗಳು. ಬೇರು ಎಲ್ಲಿಗೆ ಹೋಗುತ್ತದೆ? ನೀರು ಎಲ್ಲಿ ಇಳಿಯುತ್ತದೆ? ನಮ್ಮ ತಾರಸಿಯ ಮೇಲೆ ಒಂದು ತುಳಸಿ ಕುಂಡ ಇಟ್ಟರೆ ಕೆಳಗೆ ಅಡುಗೆಮನೆ ಸೋರುತ್ತದೆಯಲ್ಲ! ಇನ್ನೂರಕ್ಕೂ ಹೆಚ್ಚು ಮೆಟ್ಟಿಲಂತೆ. ಆ ಗಳಿಗೆಯಲ್ಲೇ ತೀರ್ಮಾನಿಸಿದೆ. ಈ ಗೋಪುರವನ್ನು ಹತ್ತುತ್ತೇನೆ, ಮೇಲೆ ಮರದ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇನೆ, ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ, ಷಡ್ಡಕ ಇನ್ನೊಮ್ಮೆ ಆ ದನಿಯಲ್ಲಿ ಮಾತಾಡಲಿ ನೋಡೋಣ. ಪ್ರವಾಸದ ತಂಡವೊಂದಕ್ಕೆ ಇಬ್ಬರೂ ಹೆಸರು ಕೊಟ್ಟೆವು. "ಅತ್ತಿಗೆ ಜೊತೆಗಿದ್ರೆ ನಂಗೇನೂ ಭಯ ಇಲ್ಲ" ಎಂದಳು ವಿಮಾನಕ್ಕೆ ಹೆದರುವ ನನ್ನ ಹೆಂಡತಿ. ಭಯ ಇದ್ದದ್ದು ನನಗೆ.

ಆ ಭಯ ನಿಜವಾಗಲು ಇಟಲಿಯೇನೂ ಬೇಕಾಗಲಿಲ್ಲ, ದೇವನಹಳ್ಳಿಯೇ ಸಾಕಾಯಿತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಕ್ಕನ ಕೈಚೀಲ ಪಕ್ಕಕ್ಕೆ ಸರಿಯಿತು. ಒಳಗಿನಿಂದ ಹೊರಬಂದದ್ದು ಹಿತ್ತಾಳೆಯ ಬೆಲ್ಲು!

"ಏನ್ ಮೇಡಂ ಇದು?"

"ಬೆಲ್ಲು."

"ಯಾಕೆ ತಗೊಂಡ್ ಹೋಗ್ತಿದೀರಾ?"

"ಬೆಲ್ಲು ಇನ್ಯಾಕಮ್ಮಾ? ಹೊಡಿಯೋಕೆ!" ಎಂದು ಎರಡು ಸಲ ಹೊಡೆದೂ ತೋರಿಸಿದಳು. ಇಡೀ ಸಾಲು ತಿರುಗಿ ನೋಡಿತು. ನಾನು ಅವಳನ್ನು ಅರಿಯದವನಂತೆ ಬೆಲ್ಟ್ ಕಟ್ಟಿಕೊಳ್ಳುತ್ತಾ ನಿಂತೆ. "ಅವ್ನು ನನ್ನ ತಮ್ಮ, ಅವನ್ನೇ ಕೇಳಿ" ಎಂದು ನನ್ನತ್ತ ಬೆರಳು ತೋರಿಸಿದಳು ಪುಣ್ಯಾತ್ಗಿತ್ತಿ!

ಫ್ಲಾರೆನ್ಸಿನಲ್ಲಿ ನಮ್ಮ ತಂಡಕ್ಕೆ ಒಂದು ದಿನ ಬಿಡುವಿತ್ತು. ಉಳಿದವರು ಚರ್ಮದ ಚೀಲ ಕೊಳ್ಳಲು ಹೊರಟರು. ನಾವು ಲುಕ್ಕಾದ ರೈಲು ಹಿಡಿಯಲು ಹೊರಟೆವು. ಆದರೆ ರೈಲು ತಪ್ಪಿತು. ಕಾರಣ, ಅಕ್ಕನಿಗೆ ನಿಂಬೆಹಣ್ಣು ಬೇಕಾಗಿತ್ತು!

"ನಿಂಬೆಹಣ್ಣು ಯಾಕೆ ಈಗ?"

"ಸೈಕಲ್ ಪೂಜೆ ಮಾಡ್ಬೇಡ್ವೇನೋ?"

"ಬಾಡಿಗೆ ಸೈಕಲ್ಲಿಗಾ?"

"ಬಾಡಿಗೆ ಮನೆ ಅಂತ ಹಾಲುಕ್ಕಿಸದೇ ಇರ್ತಾರಾ?"

ಇದಕ್ಕೆ ಉತ್ತರವಿದ್ದರೆ ನೀವೇ ಹೇಳಿ. ಮುಂದಿನ ರೈಲು ಹಿಡಿದು ಲುಕ್ಕಾ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಗೋಪುರ ಹತ್ತಲು ನನಗಿದ್ದ ಒಂದೇ ದಿನದಲ್ಲಿ ಅರ್ಧ ನಿಂಬೆಹಣ್ಣಿನ ಪಾಲಾಯಿತು.

ಕೋಟೆಯ ಬಾಗಿಲ ಹತ್ತಿರವೇ ಸೈಕಲ್ ಬಾಡಿಗೆಯ ಅಂಗಡಿ. ದುಂಡು ಮುಖದ ಹೆಂಗಸೊಬ್ಬಳು ಎರಡು ಒಳ್ಳೆಯ ಸೈಕಲ್ಲುಗಳನ್ನು ತಂದು ನಿಲ್ಲಿಸಿದಳು. ಅಕ್ಕ ಮೊದಲು ಸ್ಪ್ಯಾನರ್ ತೆಗೆದು ತನ್ನ ಬೆಲ್ಲನ್ನು ಹ್ಯಾಂಡಲ್ಲಿಗೆ ಬಿಗಿದಳು. ಆಮೇಲೆ ಕುಂಕುಮದ ಡಬ್ಬಿ ಬಂತು. ಆಮೇಲೆ ನಿಂಬೆಹಣ್ಣು ಬಂತು. ನಿಂಬೆಹಣ್ಣೇ ಅದು? ನಮ್ಮೂರ ಮೋಸಂಬಿಯಷ್ಟು ದಪ್ಪ, ಸಿಪ್ಪೆಯೇ ಬೆರಳು ದಪ್ಪ! ಮುಂದಿನ ಚಕ್ರದ ಕೆಳಗಿಟ್ಟು "ಹತ್ತಿಸೋ" ಎಂದಳು. ನಾನು ಸೈಕಲ್ ತಳ್ಳಿದೆ. ಹಣ್ಣು ಒಡೆಯಲಿಲ್ಲ. ಹಣ್ಣಿನ ಮೇಲೆ ಹತ್ತಿದ ಚಕ್ರ ಜಾರಿ, ಸೈಕಲ್ ಸಮೇತ ನಾನು ಅಂಗಡಿಯ ಬೋರ್ಡಿನ ಮೇಲೆ ಬಿದ್ದೆ. ಉರುಳಿ ಹೋದ ಹಣ್ಣನ್ನು ಆ ಹೆಂಗಸು ಎತ್ತಿಕೊಂಡು, ಮೂಸಿ, ಉಡುಗೊರೆ ಅಂದುಕೊಂಡು "ಗ್ರಾತ್ಸಿಯೆ" ಎಂದು ಒಳಗಿಟ್ಟಳು!

ಅಕ್ಕ ಬಿಡುವವಳೇ? ಹಣ್ಣು ವಾಪಸು ಇಸಿದುಕೊಂಡು, ಚಾಕು ಕೇಳಿ, ಎರಡು ಹೋಳು ಮಾಡಿ ಕುಂಕುಮ ಹಚ್ಚಿ ನನ್ನ ಸೈಕಲ್ಲಿಗೆ ನಿವಾಳಿಸಿದಳು. ನೋಡುತ್ತಾ ನಿಂತಿದ್ದ ಹೆಂಗಸಿಗೆ ಏನನ್ನಿಸಿತೋ, ತನ್ನ ಅಂಗಡಿಯ ಉಳಿದ ಸೈಕಲ್ಲುಗಳತ್ತಲೂ ಕೈತೋರಿಸಿದಳು. ಅಕ್ಕ ಒಂದನ್ನೂ ಬಿಡದೆ ಅಷ್ಟಕ್ಕೂ ಕುಂಕುಮ ಇಟ್ಟಳು. ನೀವು ಲುಕ್ಕಾಕ್ಕೆ ಹೋದಾಗ ಕುಂಕುಮ ಇಟ್ಟ ಸೈಕಲ್ ಸಿಕ್ಕರೆ ಗಾಬರಿಯಾಗಬೇಡಿ. ನಮ್ಮವಳದೇ ಕೆಲಸ. ಆದರೆ ನನ್ನ ಇನ್ನೊಂದು ಅರ್ಧ ಗಂಟೆ ಹೋಯಿತಲ್ಲ, ಅದನ್ನು ಯಾರು ಕೊಡುತ್ತಾರೆ?

ಊರ ಒಳಬದಿಯಿಂದ ಕೋಟೆಯ ಗೋಡೆ ಏರಿದೆವು. ಗೋಡೆ ಅಂದರೆ ಗೋಡೆಯಲ್ಲ, ನಮ್ಮ ಮಾಗಡಿ ರಸ್ತೆಗೆ ಹೊಟ್ಟೆಕಿಚ್ಚು ಬರುವಷ್ಟು ಅಗಲ! ಎರಡೂ ಕಡೆ ಸಾಲುಮರ, ಒಂದು ಗುಂಡಿಯಿಲ್ಲ, ಒಂದು ಹಾರ್ನ್ ಇಲ್ಲ. ಒಳಗಡೆ ಕೆಂಪು ಹೆಂಚಿನ ಊರು, ಅದರ ನಡುವೆ ತಲೆಯ ಮೇಲೆ ಮರ ಹೊತ್ತ ನನ್ನ ಗೋಪುರ. ಎಡಕ್ಕೆ ಹೋದರೆ ಅದು ಹತ್ತಿರ. ನಾನು ಎಡಕ್ಕೆ ತಿರುಗಿಸಿದೆ.

"ಬಲಕ್ಕೆ ಹೋಗೋ!"

"ಗೋಪುರ ಎಡಕ್ಕಿದೆ ಅಕ್ಕಾ."

"ಇರ್ಲಿ. ಊರು ಬಲಕ್ಕಿದ್ರೆ ನೋಡೋಕೆ ಚೆಂದ. ಮೂರು ರೌಂಡ್ ಹೊಡಿಯೋಣ. ಆಮೇಲೆ ನೀನು ಎಲ್ಲಿಗಾದ್ರೂ ಹೋಗು, ನಾನು ಕೇಳಲ್ಲ."

"ಒಂದು ರೌಂಡ್ ಸಾಕಾಗಲ್ವಾ? ಅದೇ ಗೋಡೆ, ಅದೇ ಊರು!"

"ಮೊದಲ್ನೇ ಸಲಕ್ಕೆ ಏನು ತಿಳಿಯುತ್ತೋ? ನಿನ್ನ ಸ್ಟೂಡೆಂಟ್ಸ್‌ಗೆ ಒಂದೇ ಸಲ ಹೇಳ್ತಿದ್ಯಾ ಪಾಠಾನ?"

ಮೂರು ಸುತ್ತು ಬೇಗ ಮುಗಿಸಿಬಿಡೋಣ ಎಂದು ಜೋರಾಗಿ ತುಳಿದರೆ ಅದಕ್ಕೂ ತಕರಾರು. "ಮೆಲ್ಲಗೆ! ತುಂಬು ಬಸುರಿ ನಡೆದ ಹಾಗೆ ಹೋಗ್ಬೇಕು!" ಅರವತ್ತಮೂರು ವರ್ಷದ ಗಂಡಸಿಗೆ ಹೇಳುವ ಮಾತೇ ಇದು? ಹಿಂದಿನಿಂದ ಸದಾ ಟ್ರಿಣ್ ಟ್ರಿಣ್. ಬೆಂಚಿನ ಮೇಲೆ ಕೂತವರಿಗೆ ಟ್ರಿಣ್, ಮಗುವಿನ ಗಾಡಿ ತಳ್ಳುವವರಿಗೆ ಟ್ರಿಣ್, ಯಾರೂ ಇಲ್ಲದ ತಿರುವಿನಲ್ಲಿ ಎರಡು ಟ್ರಿಣ್. ನಾಯಿ ಹಿಡಿದು ನಡೆಯುತ್ತಿದ್ದ ಮುದುಕನೊಬ್ಬ ಎರಡೂ ಕೈ ಎತ್ತಿ ಇಟಾಲಿಯನ್ನಿನಲ್ಲಿ ಏನೋ ಬೈದ. "ನಮಸ್ಕಾರ ಮಾಡ್ತಿದಾರೆ, ಪಾಪ" ಎಂದು ಅಕ್ಕ ಅವನಿಗೂ ಕೈಮುಗಿದಳು.

ದಾರಿಯಲ್ಲಿ ಒಂದು ಕಾಫಿಯಂಗಡಿ ಬಂತು. ಆಹಾ, ಆ ಪರಿಮಳ! ನಾನು ಬ್ರೇಕ್ ಹಾಕಿದೆ.

"ಇಳೀಬೇಡ!" ಎಂದು ಕಿರುಚಿದಳು ಅಕ್ಕ. ಅಂಗಡಿಯವನ ಕೈಯಲ್ಲಿದ್ದ ಲೋಟ ಬೀಳುವುದೊಂದು ಬಾಕಿ. "ಮಧ್ಯದಲ್ಲಿ ಕಾಲು ನೆಲಕ್ಕಿಡ್ಬೇಡ್ವೋ! ಹೊರಟ ಕಡೆಗೆ ವಾಪಸ್ ಬಂದ್ಮೇಲೆ ನಿಂತ್ಕೊ."

ಹೊರಟ ಕಡೆ ಒಂದು ದಪ್ಪ ಮರವಿತ್ತು. ಅದರ ಬುಡದಲ್ಲಿ ಅವಳು ಗುರುತಿಗೆ ಒಂದು ಕಲ್ಲು ಇಟ್ಟಿದ್ದಳು. ಆ ಕಲ್ಲಿಗೆ ಸರಿಯಾಗಿ ಚಕ್ರ ಬಂದ ಮೇಲೇ ನನಗೆ ಇಳಿಯಲು ಅಪ್ಪಣೆ! ನಾನು ಕೆಳಗೆ ಓಡಿ, ದ್ರಾಕ್ಷಿ ಹಾಕಿದ ಆ ಊರಿನ ಹೆಸರುವಾಸಿ ಬ್ರೆಡ್ಡು ತಂದೆ, ಅವಳಿಗೂ ಸೇರಿಸಿ. "ಬೇಡ ಕಣೋ" ಎಂದಳು. ಕಾಫಿ? ಬೇಡ. ಅವಳದೇ ಚೀಲದ ಕೋಡುಬಳೆ? ಅದೂ ಬೇಡ. ಬೆಳಗ್ಗೆ ಹೋಟೆಲಿನಲ್ಲೂ ಏನೂ ಮುಟ್ಟಿರಲಿಲ್ಲ. ತಮ್ಮ ಪ್ರೀತಿಯಿಂದ ತಂದುಕೊಟ್ಟದ್ದನ್ನು ಹೀಗೆ ತಳ್ಳುವುದೇ? ಇಟಲಿಯ ಹಿಟ್ಟಿಗೂ ಮಡಿಯೇ? ಸಿಟ್ಟಿನಿಂದ ಇಬ್ಬರ ಪಾಲನ್ನೂ ನಾನೇ ತಿಂದೆ. ಅವಳು ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, "ನಡಿ, ಎರಡ್ನೇದು" ಎಂದಳು.

ಎರಡನೆಯದೂ ಆಯಿತು. ಮೂರನೆಯದರಲ್ಲಿ ಬಿಸಿಲು ಬಾಗತೊಡಗಿತು. ಮುಕ್ಕಾಲು ಸುತ್ತು ಮುಗಿದು ಊರಿನ ಪೂರ್ವದ ಬದಿಗೆ ಬಂದಾಗ ಗೋಪುರ ಇಲ್ಲೇ ಕೈಗೆ ಸಿಗುವಷ್ಟು ಹತ್ತಿರ ನಿಂತಿತ್ತು. ನೆತ್ತಿಯ ಮರಗಳ ಕೆಳಗೆ ಯಾರೋ ಪುಣ್ಯವಂತರು ಓಡಾಡುವುದೂ ಕಾಣುತ್ತಿತ್ತು. ಹಿಂದಿನಿಂದ ಟ್ರಿಣ್ ಟ್ರಿಣ್! ನನ್ನ ತಾಳ್ಮೆ ಅಲ್ಲಿಗೆ ಕಟ್ಟೆಯೊಡೆಯಿತು. ಸೈಕಲ್ಲಿನಿಂದ ಧುಮುಕಿದೆ.

"ಸಾಕು ಅಕ್ಕಾ! ಆ ಗೋಪುರ ನೋಡೋಕೆ ಅಂತ ಸಮುದ್ರ ದಾಟಿ ಬಂದಿದೀನಿ. ನಿನ್ನ ಹುಚ್ಚಿಗೆ ಗೋಡೆ ಸುತ್ತೋಕಲ್ಲ!"

"ಅಯ್ಯೋ, ಯಾಕೋ ಇಳಿದೆ? ಇನ್ನೊಂಚೂರು ಕಣೋ. ನಿನ್ನ ದಮ್ಮಯ್ಯ, ಇದೊಂದು ಮುಗಿಸ್ಬಿಡು."

"ಮುಗಿಸಲ್ಲ. ನಿಮಗೆಲ್ಲಾ ನಾನು ಪೇಷಂಟು. ಒಬ್ಳು ಬಗ್ಗಬೇಡ ಅಂತಾಳೆ, ನೀನು ಬಸುರಿ ಥರ ಹೋಗು ಅಂತೀಯಾ. ಮೊದಲು ಈ ಬೆಲ್ ನಿಲ್ಲಿಸು!" ಎಂದು ಅವಳ ಹ್ಯಾಂಡಲ್ಲಿಗೆ ಕೈಹಾಕಿ, ಬೆಲ್ಲಿನ ಮುಚ್ಚಳವನ್ನು ತಿರುವಿ ತೆಗೆದು ಜೇಬಿಗೆ ಹಾಕಿಕೊಂಡೆ. ನನ್ನ ಸೈಕಲ್ಲನ್ನೂ ಅವಳ ಕೈಗೇ ಒಪ್ಪಿಸಿ ಇಳಿಜಾರಿನಲ್ಲಿ ದಡದಡ ನಡೆದೆ.

ಗೋಪುರದ ಬಾಗಿಲು ಸಿಕ್ಕಿತು. ಬಾಗಿಲಲ್ಲಿದ್ದ ಹುಡುಗಿ ಹಗ್ಗ ಅಡ್ಡ ಕಟ್ಟುತ್ತಿದ್ದಳು. ಕೈಗಡಿಯಾರ ತೋರಿಸಿ, ತಲೆಯಾಡಿಸಿ, ಅಷ್ಟು ಚೆಂದವಾಗಿ ನಕ್ಕು, ನಾಳೆ ಬನ್ನಿ ಎಂದಳು. ನಾಳೆ! ನಾಳೆ ನಮ್ಮ ಬಸ್ಸು ವೆನಿಸ್ಸಿಗೆ ಹೋಗುತ್ತದಲ್ಲ ತಾಯಿ! ನಾನು ಕತ್ತೆತ್ತಿ ನೋಡಿದೆ. ಕೆಳಗಿನಿಂದ ಎಲೆಗಳು ಮಾತ್ರ ಕಂಡವು. ಬೇರು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕನಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಳ್ಳುತ್ತಾ ಕೋಟೆಯತ್ತ ವಾಪಸು ಹೊರಟೆ. ಒಳ್ಳೊಳ್ಳೆಯ ಮಾತುಗಳೇ ಹೊಳೆದಿದ್ದವು.

ನೋಡಿದರೆ ಅವಳು ನಾನು ಬಿಟ್ಟುಹೋದ ಜಾಗದಲ್ಲೇ ನಿಂತಿದ್ದಳು. ಎರಡು ಮಾರು ಆಚೆಗೆ ಖಾಲಿ ಬೆಂಚಿತ್ತು. ಕೂತಿರಲಿಲ್ಲ. ಎರಡು ಕೈಯಲ್ಲಿ ಎರಡು ಸೈಕಲ್ ಹಿಡಿದುಕೊಂಡು, ಇಳಿಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಳು. ನನ್ನ ಸೈಕಲ್ಲಿನ ಮುಂದಿನ ಚಕ್ರ ನಾನು ಇಳಿದಲ್ಲಿಂದ ಗೇಣಷ್ಟೂ ಸರಿದಿರಲಿಲ್ಲ.

"ಕೂತ್ಕೋಬಾರ್ದಾ?" ಎಂದೆ.

"ಗುರುತು ತಪ್ಪುತ್ತೆ" ಎಂದಳು. ದನಿ ಸಣ್ಣಗಾಗಿತ್ತು.

"ಯಾವ ಗುರುತು? ಏನಕ್ಕಾ ಇದೆಲ್ಲಾ?"

ಆಗ ಅವಳಿಗೂ ರೇಗಿತು. "ಏನು ಅಂತ ಕೇಳ್ತೀಯಾ? ಅವತ್ತು ನಿನ್ನ ಒಳಗೆ ಕರ್ಕೊಂಡೋಗಿ ಬಾಗಿಲು ಹಾಕ್ಕೊಂಡ್ರಲ್ಲ, ಆಸ್ಪತ್ರೇಲಿ, ಹೊರಗಡೆ ಕೂತಿದ್ದೋಳು ನಾನು. ಇವನೊಬ್ಬ ಎದ್ದು ಬರ್ಲಿ, ಅವನ ಕೈಲೇ ಮೂರು ಪ್ರದಕ್ಷಿಣೆ ಹಾಕಿಸ್ತೀನಿ, ಅವತ್ತಿಡೀ ನಾನು ಉಪವಾಸ ಇರ್ತೀನಿ ಅಂತ ಹರಕೆ ಹೊತ್ತೆ. ನೀನು ದೇವಸ್ಥಾನಕ್ಕೆ ಬರ್ತೀಯಾ? ಟೈಲ್ಸ್ ಹಾಕಿದಾರೆ ಅಂತೀಯಾ! ಈ ಊರೊಳಗೆ ನೂರು ಚರ್ಚ್ ಇದ್ಯಂತೆ. ಯಾರೋ ಒಬ್ಬ ದೇವರಿಗೆ ಮುಟ್ಟಲ್ವಾ?"

ಮೋಸ! ಶುದ್ಧ ಮೋಸ! ನಲವತ್ತು ವರ್ಷ ಕಾಪಾಡಿಕೊಂಡ ನನ್ನ ಸಿದ್ಧಾಂತಕ್ಕೆ ಇಟಲಿಯಲ್ಲಿ ಎಳ್ಳುನೀರು ಬಿಟ್ಟಿದ್ದಳು! ನಾನು ಕಾನೂನಿನ ಮಾತು ತೆಗೆದೆ. "ಹರಕೆ ಹೊತ್ತಿದ್ದು ಕೆಂಗೇರಿ ದೇವರಿಗಲ್ವಾ? ಇಲ್ಲಿ ಸುತ್ತಿದ್ರೆ ಹೇಗೆ ಸಲ್ಲುತ್ತೆ?"

"ಯಾವ ದೇವರು, ಯಾವ ಊರು ಅಂತ ನಾನು ಹೇಳಿರ್ಲೇ ಇಲ್ಲ ಕಣೋ."

"ಯಾಕೆ?"

"ಹೆಸರು ಹೇಳಿದ್ರೆ ನೀನು ಎದ್ದು ಬಂದು, ಅಲ್ಲಿಗೆ ಮಾತ್ರ ಬರಲ್ಲ ಅಂತ ಜಗಳ ಆಡ್ತೀಯ ಅಂತ ನಂಗೊತ್ತಿರ್ಲಿಲ್ವಾ?"

ನಾನು ಜೋಡಿಸಿಕೊಂಡು ಬಂದಿದ್ದ ಒಳ್ಳೊಳ್ಳೆಯ ಮಾತುಗಳು ಎಲ್ಲಿ ಹೋದವೋ ತಿಳಿಯಲಿಲ್ಲ. ಡಾಕ್ಟರು ಅವತ್ತು ಏನೂ ಹೇಳಲಾಗದು ಎಂದಿದ್ದರಂತೆ. ಹೆಂಡತಿ ಅಳುತ್ತಿದ್ದಳಂತೆ, ಷಡ್ಡಕ ಊರಿಗೆಲ್ಲ ಫೋನ್ ಮಾಡುತ್ತಿದ್ದರಂತೆ. ಅವರೆಲ್ಲರ ನಡುವೆ ಇವಳೊಬ್ಬಳು, ಮುಚ್ಚಿದ ಬಾಗಿಲ ಮುಂದೆ ಕೂತು, ನಾನು ಎದ್ದು ಬಂದು ತನ್ನ ಜೊತೆ ಜಗಳ ಆಡುವುದಕ್ಕೆ ಜಾಗ ಬಿಟ್ಟು ಹರಕೆ ಹೊತ್ತಿದ್ದಳು. ಅದಕ್ಕೂ ನನಗೆ ಅವಳ ಮೇಲೇ ಸಿಟ್ಟು ಬಂತು.

"ಕಾಲು ನೆಲಕ್ಕಿಟ್ಬಿಟ್ಟೆ. ಮತ್ತೆ ಮೊದಲಿಂದಾನಾ?" ಎಂದು ಗದರಿದೆ.

"ಇಲ್ಲ ಕಣೋ. ಗುರುತು ಹಿಡ್ಕೊಂಡು ನಿಂತಿದ್ನಲ್ಲ. ಇಲ್ಲಿಂದ ಹೋದ್ರೆ ಸಾಕು" ಎಂದಳು, ನನ್ನ ಸೈಕಲ್ಲನ್ನು ನನ್ನತ್ತ ಸರಿಸುತ್ತಾ.

ಹತ್ತಿದೆ. ಊರನ್ನು ಬಲಕ್ಕಿಟ್ಟುಕೊಂಡೇ ಹೊರಟೆ, ತುಂಬು ಬಸುರಿ ನಡೆದ ಹಾಗೆ. ಗೋಪುರ ಮೆಲ್ಲಗೆ ಹಿಂದಕ್ಕೆ ಸರಿಯಿತು. ಸ್ವಲ್ಪ ದೂರ ಹೋದ ಮೇಲೆ ಏನೋ ಕಡಿಮೆಯಾದ ಹಾಗೆ ಅನ್ನಿಸಿತು. ಎಷ್ಟು ನಿಶ್ಶಬ್ದ! ಕಾಲು ನೆಲಕ್ಕೆ ತಾಗಿಸದೆ ಸೈಕಲ್ ನಿಧಾನ ಮಾಡಿ, ಅವಳು ಪಕ್ಕಕ್ಕೆ ಬರುವುದನ್ನೇ ಕಾದು, ಜೇಬಿನಿಂದ ಹಿತ್ತಾಳೆಯ ಮುಚ್ಚಳ ತೆಗೆದು ಅವಳ ಕೈಗಿಟ್ಟೆ. ಅವಳು ಓಡುತ್ತಿರುವ ಸೈಕಲ್ಲಿನ ಮೇಲೇ, ಒಂದೇ ಕೈಯಲ್ಲಿ, ಅದನ್ನು ತಿರುವಿ ಕೂರಿಸಿ ಸುಮ್ಮನೆ ನನ್ನ ಮುಖ ನೋಡಿದಳು.

ಮುಂದೆ ದಾರಿ ಆ ದಪ್ಪ ಮರದ ತನಕ ಖಾಲಿ ಬಿದ್ದಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ.

"ಏನ್ ನೋಡ್ತೀಯಾ?" ಎಂದೆ. "ಹೊಡಿ ಅಕ್ಕಾ."